ಮಗು ಸ್ಕೂಲ್ ಬ್ಯಾಂಡ್ ಸೇರಿದೆ, ಈಗ ನಾವೇನು ಮಾಡಬೇಕು? ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳು ಐದನೇ ಕ್ಲಾಸಿನಲ್ಲಿ ಸೈಡ್ ಡ್ರಮ್ ಹಿಡಿದಳು. ಏಳನೇ ಕ್ಲಾಸಿಗೆ ಬಂದಾಗ ಟ್ರಂಪೆಟ್‌ಗೆ ಬದಲಾದಳು. ಹತ್ತನೇ ಕ್ಲಾಸು ಮುಗಿಯುವವರೆಗೂ ಬ್ಯಾಂಡಿನಲ್ಲೇ ಇದ್ದಳು. ಆ ಆರು ವರ್ಷ ನಾನು ಸ್ಕೂಲ್ ಗೇಟಿನ ಹತ್ತಿರ, ಪರೇಡ್ ಮೈದಾನದ ಹೊರಗೆ, ಬಸ್ ಸ್ಟಾಪಿನಲ್ಲಿ ನಿಂತು ಕಾದಿದ್ದೇ ಜಾಸ್ತಿ. ಅಲ್ಲಿ ನಿಂತು ನಾನು ಬೇರೆ ಅಮ್ಮಂದಿರನ್ನು ಕೇಳಿದ ಪ್ರಶ್ನೆಗಳನ್ನೇ ಈಗ ಬೇರೆಯವರು ನನ್ನನ್ನು ಕೇಳುತ್ತಾರೆ. ಫೋನ್ ಮಾಡುತ್ತಾರೆ, ಮೆಸೇಜ್ ಹಾಕುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕಾಗ ಪಕ್ಕಕ್ಕೆ ಕರೆದು ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಈಗಷ್ಟೇ ಸೇರಿದವರಿಗೆ

ನಮ್ಮ ಮನೇಲಿ ಯಾರಿಗೂ ಸಂಗೀತದ ಗಂಧಗಾಳಿ ಇಲ್ಲ. ನಾವು ಹೇಗೆ ಸಹಾಯ ಮಾಡೋದು?

ನಮ್ಮ ಮನೆಯಲ್ಲೂ ಇರಲಿಲ್ಲ. ಕಲಿಸುವುದು ಬ್ಯಾಂಡ್ ಮಾಸ್ಟರ್ ಕೆಲಸ, ನಿಮ್ಮದು ಕೇಳುವ ಕೆಲಸ. ದಿನಾ ಹತ್ತು ನಿಮಿಷ ಮೊಬೈಲ್ ಪಕ್ಕಕ್ಕಿಟ್ಟು, ಮಗುವಿನ ಎದುರು ಕೂತು, ಅದು ನುಡಿಸುವುದನ್ನು ಪೂರ್ತಿ ಕೇಳಿ. ತಪ್ಪು ಹುಡುಕಬೇಡಿ. "ಇವತ್ತು ಸಾರ್ ಹೊಸದಾಗಿ ಏನು ಹೇಳಿಕೊಟ್ಟರು, ನನಗೂ ತೋರಿಸು" ಅನ್ನಿ. ನಿಮಗೆ ಅರ್ಥ ಮಾಡಿಸೋಕೆ ಹೋದಾಗ ಮಗುವಿಗೇ ಇನ್ನೊಂದು ಸಲ ಪಾಠ ಆಗುತ್ತದೆ.

ನಮ್ಮ ಅತ್ತೆ ಸಂಗೀತ ಕಲಿತವರಲ್ಲ, ಆದರೆ ಭಜನೆಯಲ್ಲಿ ತಾಳ ಹಾಕಿ ಗೊತ್ತು. ಮಗಳು ಅಭ್ಯಾಸಕ್ಕೆ ಕೂತಾಗ ಅವರು ಪಕ್ಕದಲ್ಲೇ ಹೂ ಕಟ್ಟುತ್ತಾ ಕೂರುತ್ತಿದ್ದರು. ಕೈ ಹೂವಿನಲ್ಲಿ, ಕಾಲಿನ ಹೆಬ್ಬೆರಳು ಮಾತ್ರ ನೆಲದ ಮೇಲೆ ತಾಳ ಹಾಕುತ್ತಿತ್ತು. ಮಗಳು ಲಯ ತಪ್ಪಿದ ತಕ್ಷಣ ಹೆಬ್ಬೆರಳು ನಿಂತುಬಿಡುತ್ತಿತ್ತು. ಅವಳು ಅದನ್ನು ನೋಡಿ, ಯಾರೂ ಏನೂ ಹೇಳದೆ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ನಾನು ದುಡ್ಡು ಕೊಟ್ಟು ಕೊಡಿಸಿದ ಯಾವ ವಸ್ತುವೂ ಅವಳಿಗೆ ಅಷ್ಟು ಉಪಯೋಗ ಆಗಲಿಲ್ಲ.

ಬ್ಯಾಂಡ್ ಅಂದ್ರೆ ಸುಮ್ನೆ ಡ್ರಮ್ ಬಡಿಯೋದು ತಾನೇ? ಇದರಲ್ಲಿ ಸಂಗೀತ ಏನು ಕಲೀತಾರೆ?

ಸೈಡ್ ಡ್ರಮ್ ಮುಂದೆ ಹತ್ತು ನಿಮಿಷ ನಿಂತು ನೋಡಿದರೆ ಹೀಗೆ ಅನ್ನಿಸುವುದಿಲ್ಲ. ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಅಂತ ಒಂದು ಪಾಠ ಇದೆ, ಪ್ಯಾರಡಿಡಲ್ ಅನ್ನುತ್ತಾರೆ. ಎರಡು ಕೈಯ ಸದ್ದೂ ಒಂದೇ ಸಮ ಬರಬೇಕು. ನಮ್ಮಲ್ಲಿ ಸರಳೆ ವರಸೆ, ಜಂಟಿ ವರಸೆ ಇದ್ದ ಹಾಗೆ ಡ್ರಮ್‌ಗೂ ಇಂಥ ಅಡಿಪಾಯದ ಪಾಠಗಳಿವೆ, ಅಂತರರಾಷ್ಟ್ರೀಯ ಪಟ್ಟಿಯಲ್ಲಿ 40 ಇವೆ. ಇದನ್ನು ನುಡಿಸುತ್ತಲೇ ನಡೆಯಬೇಕು, ಸಾಲು ನೇರ ಇರಬೇಕು, ಲೀಡರ್ ಕೈಯಲ್ಲಿರುವ ಕೋಲಿನ ಸನ್ನೆ ನೋಡಬೇಕು. ಬೇಗನಡಿಗೆಯಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 120 ಹೆಜ್ಜೆ, ಅಂದರೆ ಸೆಕೆಂಡಿಗೆ ಎರಡು.

ಇದಕ್ಕಿಂತ ದೊಡ್ಡ ಪಾಠ ಬೇರೆಯವರನ್ನು ಕೇಳಿಸಿಕೊಳ್ಳುವುದು. ಮೂವತ್ತು ಮಕ್ಕಳು ಒಟ್ಟಿಗೆ ನುಡಿಸುವಾಗ ತನ್ನದೇ ಜೋರಾಗಿ ಕೇಳಬೇಕು ಅಂತ ಹೊರಟ ಮಗುವನ್ನು ಪಕ್ಕದ ಮಕ್ಕಳೇ ತಡೆಯುತ್ತಾರೆ. ಮನೆಯಲ್ಲಿ ನಾವು ಹೇಳಿ ಕಲಿಸಲು ಆಗದ್ದು ಇದು.

ಎಷ್ಟನೇ ಕ್ಲಾಸಿಗೆ ಸೇರಿಸಿದ್ರೆ ಒಳ್ಳೇದು?

ಟ್ರಯಾಂಗಲ್, ಮೆಲೋಡಿಕಾ, ಚಿಕ್ಕ ಸೈಡ್ ಡ್ರಮ್ ಆದರೆ ಮೂರನೇ ನಾಲ್ಕನೇ ಕ್ಲಾಸಿಗೇ ಆಗುತ್ತದೆ. ಬ್ಯೂಗಲ್, ಟ್ರಂಪೆಟ್ ತುಟಿಗೆ ಒತ್ತಿ ಊದುವ ವಾದ್ಯಗಳು. ಅದಕ್ಕೆ ಮುಂದಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಪೂರ್ತಿ ಬಂದಿರಬೇಕು, ಸಾಮಾನ್ಯವಾಗಿ ಎಂಟು ಒಂಬತ್ತು ವರ್ಷ. ಕ್ಲಾರಿನೆಟ್‌ಗೆ ಬೆರಳು ತೂತುಗಳನ್ನು ಪೂರ್ತಿ ಮುಚ್ಚುವಷ್ಟು ಬೆಳೆದಿರಬೇಕು. ಏಳನೇ ಕ್ಲಾಸಿಗೆ ಬಂದರೂ ತಡ ಆಯಿತು ಅಂದುಕೊಳ್ಳಬೇಡಿ. ದೊಡ್ಡ ಮಕ್ಕಳು ಬೇಗ ಹಿಡಿಯುತ್ತಾರೆ.

ಮಗಳಿಗೆ ಟ್ರಂಪೆಟ್ ಬೇಕಿತ್ತು, ಸಾರ್ ಸಿಂಬಲ್ ಕೊಟ್ಟಿದಾರೆ. ಅಳ್ತಿದಾಳೆ. ನಾನು ಹೋಗಿ ಮಾತಾಡ್ಲಾ?

ತಕ್ಷಣ ಹೋಗಬೇಡಿ. ಒಂದು ಟರ್ಮ್ ಬಿಡಿ. ಮಾಸ್ಟರ್‌ಗೆ ಇಡೀ ಬ್ಯಾಂಡಿನ ಲೆಕ್ಕ ಇರುತ್ತದೆ. ಎಲ್ಲರೂ ಟ್ರಂಪೆಟ್ ಊದಿದರೆ ಬ್ಯಾಂಡ್ ಆಗುವುದಿಲ್ಲ, ಅಲ್ವಾ? ಸಿಂಬಲ್, ಅಂದರೆ ಆ ದೊಡ್ಡ ತಾಳ, ಹಿಡಿದವರು ಲೆಕ್ಕ ತಪ್ಪಿದರೆ ಇಡೀ ಮೈದಾನಕ್ಕೆ ಗೊತ್ತಾಗುತ್ತದೆ, ಅಷ್ಟು ಜವಾಬ್ದಾರಿ ಅದರಲ್ಲಿದೆ. ಇದನ್ನು ಮಗುವಿಗೆ ಹೇಳಿ, ನಿಜವಾಗಿಯೂ ನಂಬಿ ಹೇಳಿ.

ಒಂದು ಟರ್ಮ್ ಆದಮೇಲೂ ಆಸೆ ಹಾಗೇ ಇದ್ದರೆ ಮಗುವೇ ಹೋಗಿ ಕೇಳಲಿ. "ಸಾರ್, ನನಗೆ ಟ್ರಂಪೆಟ್ ಕಲಿಯಬೇಕು, ಏನು ಮಾಡಬೇಕು?" ನನ್ನ ಮಗಳು ಹೀಗೆ ಕೇಳಿಯೇ ಬದಲಾದದ್ದು. ಮೊದಲು ಎರಡು ತಿಂಗಳು ಬರೀ ಮೌತ್‌ಪೀಸ್, ಅಂದರೆ ತುಟಿಗಿಡುವ ತುದಿ ಮಾತ್ರ, ಊದು ಅಂದರು. ಊದಿದಳು. ಆಮೇಲೆ ವಾದ್ಯ ಕೊಟ್ಟರು.

ಬ್ಯಾಂಡ್ ಮಾಸ್ಟರ್ ತುಂಬಾ ಸ್ಟ್ರಿಕ್ಟ್. ಕೋಲಲ್ಲಿ ಹೊಡೀತಾರಂತೆ. ಶಿಸ್ತಿಗೆ ಅಂತ ಸುಮ್ನಿರಬೇಕಾ?

ಸುಮ್ಮನಿರಬೇಡಿ. ಗಟ್ಟಿ ದನಿಯಲ್ಲಿ ಹೇಳುವುದು, ಮತ್ತೆ ಮತ್ತೆ ಮಾಡಿಸುವುದು ಶಿಸ್ತು. ಹೊಡೆಯುವುದು ಶಿಸ್ತಲ್ಲ, ಕಾನೂನಿಗೆ ವಿರುದ್ಧ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಮೊದಲು ಮಗುವಿನಿಂದ ಪೂರ್ತಿ ಕೇಳಿ, ದಿನಾಂಕ ಬರೆದಿಟ್ಟುಕೊಳ್ಳಿ, ಹೆಡ್ ಮಿಸ್ ಅಥವಾ ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ಕೊಡಿ. ಮಕ್ಕಳ ಸಹಾಯವಾಣಿ 1098 ಇದೆ. "ಬ್ಯಾಂಡಿನಿಂದ ತೆಗೆದುಬಿಟ್ಟರೆ?" ಅಂತ ಹೆದರಿ ಎಷ್ಟೋ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಮಗು ಹೆದರಿಕೊಂಡು ನುಡಿಸುವ ಬ್ಯಾಂಡ್ ನಮಗೆ ಬೇಡ.

## ಮನೆಯಲ್ಲಿ ಅಭ್ಯಾಸ

ದಿನಕ್ಕೆ ಎಷ್ಟು ಹೊತ್ತು ಪ್ರಾಕ್ಟೀಸ್ ಮಾಡಿಸ್ಬೇಕು?

ಹೊಸಬರಿಗೆ ದಿನಕ್ಕೆ 15ರಿಂದ 20 ನಿಮಿಷ, ವಾರಕ್ಕೆ ಐದು ದಿನ. ಭಾನುವಾರ ಒಟ್ಟಿಗೆ ಎರಡು ಗಂಟೆ ಕೂರಿಸಿದರೆ ಅಷ್ಟೇ ಆಗುತ್ತದಲ್ಲ ಅಂತ ಕೇಳುತ್ತಾರೆ, ಆಗುವುದಿಲ್ಲ. ಊದುವ ಮಕ್ಕಳಿಗೆ ತುಟಿಯ ಸುತ್ತಲಿನ ಮಾಂಸಖಂಡ ದಣಿಯುತ್ತದೆ. ದಣಿದ ಮೇಲೂ ಊದಿದರೆ ಮೌತ್‌ಪೀಸನ್ನು ತುಟಿಗೆ ಗಟ್ಟಿಯಾಗಿ ಒತ್ತುವ ಅಭ್ಯಾಸ ಬೀಳುತ್ತದೆ, ಅದನ್ನು ಬಿಡಿಸುವುದು ಬಹಳ ಕಷ್ಟ. ಐದು ನಿಮಿಷ ಊದು, ಎರಡು ನಿಮಿಷ ಬಿಡು, ಹೀಗೆ ಹೋಗಲಿ.

ಹೊತ್ತು ಒಂದೇ ಇದ್ದರೆ ಒಳ್ಳೆಯದು. ನಮ್ಮ ಮನೆಯಲ್ಲಿ ಸಂಜೆ ಹಾಲು ಕುಡಿದು, ಬಾಯಿ ಮುಕ್ಕಳಿಸಿ, ಆರು ಗಂಟೆಗೆ. ವಾದ್ಯ ಬೀರುವಿನೊಳಗೆ ಇದ್ದರೆ ಕೈಗೆ ಬರುವುದಿಲ್ಲ. ಕಣ್ಣಿಗೆ ಕಾಣುವ ಜಾಗದಲ್ಲಿಡಿ.

ಲೆಕ್ಕ ತಪ್ತಾನೆ. ನನಗೆ ನೋಟೇಶನ್ ಬರಲ್ಲ. ಹೇಗೆ ತಿದ್ದಲಿ?

ಕೈಯಿಂದ ವಾದ್ಯ ಇಳಿಸಿ, ಬಾಯಲ್ಲಿ ಹೇಳಿಸಿ. ನಾಲ್ಕರ ಲೆಕ್ಕಕ್ಕೆ ತಕಧಿಮಿ, ಮೂರಕ್ಕೆ ತಕಿಟ. ಮಾರ್ಚ್ ಹಾಡುಗಳು ಹೆಚ್ಚಾಗಿ ಎರಡರ ಅಥವಾ ನಾಲ್ಕರ ಲೆಕ್ಕದಲ್ಲಿರುತ್ತವೆ, ಮೊದಲ ಪೆಟ್ಟಿಗೆ ಎಡಗಾಲು. ಹಾಲ್‌ನಿಂದ ಅಡುಗೆಮನೆವರೆಗೆ ನೀವೂ ಮಗುವೂ ತಕಧಿಮಿ ಹೇಳಿಕೊಂಡು ಎಡ-ಬಲ ನಡೆಯಿರಿ. ಬಾಯಿಗೂ ಕಾಲಿಗೂ ಕೂತ ಮೇಲೆ ಕೈಗೆ ತಾನಾಗೇ ಬರುತ್ತದೆ. ಮೊಬೈಲಿನಲ್ಲಿ ಟಿಕ್ ಟಿಕ್ ಅಂತ ಲಯ ಹಾಕಿಕೊಡುವ ಉಚಿತ ಮೆಟ್ರೋನೋಮ್ ಆ್ಯಪ್‌ಗಳು ಸಿಗುತ್ತವೆ. ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು ಶುರು ಮಾಡಿ, ಎರಡು ದಿನಕ್ಕೊಮ್ಮೆ ನಾಲ್ಕೈದು ಏರಿಸುತ್ತಾ ಹೋಗಿ. ಒಮ್ಮೆಲೇ 120ಕ್ಕೆ ಇಟ್ಟರೆ ಮಗು ಓಡುತ್ತದೆ, ತಪ್ಪುಗಳೂ ಜೊತೆಗೇ ಓಡುತ್ತವೆ.

ಮೂವತ್ತು ನಲವತ್ತರ ಸೈಟಲ್ಲಿ ಮೂರು ಬಾಡಿಗೆ ಮನೆ. ಪಕ್ಕದವರು ಬೈತಾರೆ. ಏನ್ಮಾಡ್ಲಿ?

ಬೆಂಗಳೂರಿನಲ್ಲಿ ಎಲ್ಲರಿಗೂ ಇದೇ ಗೋಳು. ಡ್ರಮ್ ಕಲಿಯುವ ಮಕ್ಕಳಿಗೆ ರಬ್ಬರಿನ ಪ್ರಾಕ್ಟೀಸ್ ಪ್ಯಾಡ್ ಕೊಡಿಸಿ. ಸದ್ದು ಬಾಗಿಲು ದಾಟುವುದಿಲ್ಲ, ಕೋಲು ಪುಟಿಯುವುದು ಮಾತ್ರ ಡ್ರಮ್ ಮೇಲಿದ್ದ ಹಾಗೇ ಇರುತ್ತದೆ. ಟ್ರಂಪೆಟ್‌ನ ಅಗಲ ಬಾಯಿಗೆ ಸಿಕ್ಕಿಸಿ ಸದ್ದು ಕಡಿಮೆ ಮಾಡುವ ಪ್ರಾಕ್ಟೀಸ್ ಮ್ಯೂಟ್ ಸಿಗುತ್ತದೆ. ಆದರೆ ದಿನಾ ಅದನ್ನೇ ಹಾಕಿ ಊದಿದರೆ ಉಸಿರು ಕಟ್ಟಿದ ಹಾಗಾಗಿ ದನಿ ಸಣ್ಣದಾಗುತ್ತದೆ, ವಾರಕ್ಕೆ ಎರಡು ದಿನವಾದರೂ ಬಿಚ್ಚಿ ಊದಲಿ. ದುಡ್ಡು ಖರ್ಚಿಲ್ಲದ ಉಪಾಯ ಬೇಕಾದರೆ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು, ಅದರ ಕಡೆ ಮುಖ ಮಾಡಿ ಊದಿಸಿ. ಸೀರೆಗಳು ಅರ್ಧ ಸದ್ದನ್ನು ನುಂಗಿಬಿಡುತ್ತವೆ.

ಮುಖ್ಯವಾಗಿ, ಅವರು ಬಂದು ಬೈಯುವ ಮೊದಲೇ ನೀವು ಹೋಗಿ ಹೇಳಿ. "ಸಂಜೆ ಆರರಿಂದ ಆರೂವರೆ ಊದುತ್ತಾಳೆ, ನಿಮ್ಮ ಮನೆಯಲ್ಲಿ ಪರೀಕ್ಷೆ ಇದ್ದರೆ, ಹುಷಾರಿಲ್ಲದಿದ್ದರೆ ಒಂದು ಮಾತು ಹೇಳಿ, ಅವತ್ತು ನಿಲ್ಲಿಸುತ್ತೇವೆ." ಹೊತ್ತು ಗೊತ್ತಿದ್ದರೆ ಜನ ತಡೆದುಕೊಳ್ಳುತ್ತಾರೆ. ನಿಯಮದ ಪ್ರಕಾರವೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ, ನಾವಂತೂ ರಾತ್ರಿ ಎಂಟರ ಮೇಲೆ ಮುಟ್ಟಲಿಲ್ಲ.

ಶುರುವಿನ ಸದ್ದು ಕೇಳೋಕೆ ಆಗ್ತಿಲ್ಲ. ಚೆನ್ನಾಗಿದೆ ಅಂತ ಸುಳ್ಳು ಹೇಳ್ಲಾ?

ಸುಳ್ಳು ಬೇಡ, ಮಕ್ಕಳಿಗೆ ಗೊತ್ತಾಗುತ್ತದೆ. ಟ್ರಂಪೆಟ್‌ನಲ್ಲಿ ಮೊದಲ ವಾರ ಬರುವುದು ಬರೀ ಗಾಳಿ. ಆಮೇಲೆ ಎಮ್ಮೆ ಕರೆದ ಹಾಗೆ ಒಂದು ದನಿ. ಇದು ಎಲ್ಲರಿಗೂ ಹೀಗೇ, ಯಾಕೆಂದರೆ ಸದ್ದು ಹುಟ್ಟುವುದು ಪೀಪಿಯಲ್ಲಲ್ಲ, ಅದುರುವ ತುಟಿಯಲ್ಲಿ. ಆ ಅದುರುವಿಕೆ ಪಳಗಲು ತಿಂಗಳುಗಳು ಬೇಕು. ಹಾಗಾಗಿ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಬದಲು ಕೇಳಿಸಿದ್ದನ್ನು ಹೇಳಿ. "ಮೊನ್ನೆ ಎರಡು ಎಣಿಸುವಷ್ಟರಲ್ಲಿ ದನಿ ನಿಲ್ಲುತ್ತಿತ್ತು, ಇವತ್ತು ಆರು ಎಣಿಸಿದೆ." ಇದು ಹೊಗಳಿಕೆಯೂ ಹೌದು, ನಿಜವೂ ಹೌದು.

ನೆಂಟರು ಬಂದಾಗ "ಒಂದು ಹಾಡು ನುಡಿಸು ಪುಟ್ಟಿ" ಅಂತ ಒತ್ತಾಯ ಮಾಡಬೇಡಿ. ನಾನು ಒಮ್ಮೆ ಮಾಡಿದೆ. ಅವಳು ನುಡಿಸಿದಳು, ನಾಲ್ಕನೇ ಸ್ವರಕ್ಕೆ ದನಿ ಒಡೆಯಿತು, ಯಾರೋ ನಕ್ಕರು. ಮೂರು ವಾರ ಕೇಸ್ ತೆಗೆಯಲಿಲ್ಲ. ಆ ತಪ್ಪು ನನ್ನದೇ.

## ವಾದ್ಯ ಕೊಳ್ಳುವುದು, ನೋಡಿಕೊಳ್ಳುವುದು

ವಾದ್ಯ ನಾವೇ ಕೊಂಡ್ಕೊಬೇಕಾ? ಸ್ಕೂಲಲ್ಲಿ ಇದೆಯಲ್ಲ?

ಮೊದಲ ವರ್ಷ ಖಂಡಿತ ಬೇಡ. ಮೊದಲು ಕೊಳ್ಳಬೇಕಾದ್ದು ಚಿಕ್ಕ ವಸ್ತುಗಳು: ಡ್ರಮ್ ಮಕ್ಕಳಿಗೆ ಒಂದು ಜೊತೆ ಕೋಲು ಮತ್ತು ಪ್ಯಾಡ್, ಊದುವ ಮಕ್ಕಳಿಗೆ ಸ್ವಂತ ಮೌತ್‌ಪೀಸ್. ಟ್ರಂಪೆಟ್ ಹೊಸಬರಿಗೆ ಸಾಮಾನ್ಯವಾಗಿ 7ಸಿ ಅನ್ನುವ ಅಳತೆ ಹೇಳುತ್ತಾರೆ, ಮಾಸ್ಟರನ್ನು ಕೇಳಿಯೇ ತನ್ನಿ. ಕ್ಲಾರಿನೆಟ್ ಆದರೆ ರೀಡ್ (ಊದುವ ತುದಿಯಲ್ಲಿ ಅದುರುವ ತೆಳು ಪಟ್ಟಿ) ಒಂದೂವರೆ ಅಥವಾ ಎರಡು ನಂಬರ್‌ನಿಂದ ಶುರು. ರೀಡ್ ಸೀಳಿದರೆ ದನಿ ಕೀರಲಾಗುತ್ತದೆ, ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ. ಯಾವಾಗಲೂ ಒಂದೆರಡು ಜಾಸ್ತಿ ಇಟ್ಟಿರಿ.

ಒಂದು ವರ್ಷ ಆದಮೇಲೂ ಮಗು ತಾನಾಗಿ ಊದುತ್ತಿದ್ದರೆ ಆಗ ಕೊಳ್ಳುವ ಯೋಚನೆ ಮಾಡಿ. ಬಳೇಪೇಟೆಯಲ್ಲಿ ಸಾಲಾಗಿ ವಾದ್ಯದ ಅಂಗಡಿಗಳಿವೆ. ವೀಣೆ, ತಬಲ, ಹಾರ್ಮೋನಿಯಂ ಜಾಸ್ತಿ, ಬ್ಯಾಂಡ್ ಸಾಮಾನೂ ಕೇಳಿದರೆ ತೋರಿಸುತ್ತಾರೆ. ನಮ್ಮ ದೇಶದ ಹಿತ್ತಾಳೆ ಬ್ಯಾಂಡ್ ವಾದ್ಯಗಳಿಗೆ ಉತ್ತರಪ್ರದೇಶದ ಮೀರತ್ ಹೆಸರುವಾಸಿ. ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ, ಮೂರು ಕಡೆ ವಿಚಾರಿಸಿ, ಆಗುವುದಾದರೆ ಮಾಸ್ಟರನ್ನೋ ಊದಲು ಬರುವ ದೊಡ್ಡ ಹುಡುಗರನ್ನೋ ಜೊತೆಗೆ ಕರೆದುಕೊಂಡು ಹೋಗಿ.

ಸೆಕೆಂಡ್ ಹ್ಯಾಂಡ್ ಟ್ರಂಪೆಟ್ ಸಿಕ್ಕಿದೆ. ಏನು ನೋಡಿ ತಗೋಬೇಕು?

ಬೆರಳಿನಿಂದ ಒತ್ತುವ ಮೂರು ಗುಂಡಿಗಳನ್ನೂ, ಅಂದರೆ ಪಿಸ್ಟನ್‌ಗಳನ್ನೂ, ಒತ್ತಿ ಬಿಡಿ. ಮೂರೂ ಒಂದೇ ವೇಗದಲ್ಲಿ ಮೇಲೆ ಬರಬೇಕು, ಕರಕರ ಅನ್ನಬಾರದು. ಶ್ರುತಿ ಸರಿಮಾಡುವ ಸ್ಲೈಡ್‌ಗಳನ್ನು ಕೈಯಿಂದ ಎಳೆದು ನೋಡಿ, ಅಂಟಿಕೊಂಡಿದ್ದರೆ ಬೆಲೆ ಇಳಿಸಿ ಅಥವಾ ಬಿಟ್ಟುಬಿಡಿ. ಅಗಲ ಬಾಯಿಯ ಹತ್ತಿರದ ತಗ್ಗು ಅಂಥ ತೊಂದರೆ ಅಲ್ಲ, ಪಿಸ್ಟನ್ ಡಬ್ಬಿಯ ಮೇಲಿನ ತಗ್ಗು ದೊಡ್ಡ ತೊಂದರೆ. ಹೊರಗಿನ ಹೊಳಪು ನೋಡಿ ಮರುಳಾಗಬೇಡಿ.

ಟ್ರಂಪೆಟ್‌ನಿಂದ ನೀರು ಸುರಿಯತ್ತೆ, ಎಂಜಲಾ ಅದು? ಕ್ಲೀನ್ ಮಾಡೋದು ಹೇಗೆ?

ಬಹುಪಾಲು ಉಸಿರಿನ ಆವಿ ತಣ್ಣಗಾಗಿ ಆದ ನೀರು. ಅದನ್ನು ಬಿಡಲೆಂದೇ ಚಿಕ್ಕ ಕೀಲಿ ಇರುತ್ತದೆ. ಕೆಳಗೆ ಒಂದು ಹಳೇ ಬಟ್ಟೆ ಹಾಸಿಕೊಡಿ, ಮೊಸಾಯಿಕ್ ನೆಲದ ಮೇಲೆ ಬಿಟ್ಟರೆ ಅಜ್ಜಿ ಜಾರುತ್ತಾರೆ. ಪಿಸ್ಟನ್‌ಗೆ ವಾರಕ್ಕೆ ಎರಡು ಮೂರು ಸಲ ವಾಲ್ವ್ ಎಣ್ಣೆ. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಬೇಡವೇ ಬೇಡ, ನಮ್ಮ ಮೈಸೂರು ಕಡೆಯ ನೆಂಟರೊಬ್ಬರು ಒಳ್ಳೇ ಮನಸ್ಸಿನಿಂದ ಕೊಬ್ಬರಿ ಎಣ್ಣೆ ಹಾಕಿದ್ದರು, ಡಿಸೆಂಬರ್ ಚಳಿಗೆ ಅದು ಗಟ್ಟಿಯಾಗಿ ಮೂರೂ ಪಿಸ್ಟನ್ ಕೂತುಬಿಟ್ಟವು. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಬಹುದು. ಬಿಸಿ ನೀರು ಹಾಕಿದರೆ ಹೊರಗಿನ ಲೇಪ ಏಳುತ್ತದೆ. ಹುಣಸೆಹಣ್ಣಿನಲ್ಲಿ ದೇವರ ಪಾತ್ರೆ ಉಜ್ಜಿದ ಹಾಗೆ ಉಜ್ಜಬೇಡಿ.

ಮೌತ್‌ಪೀಸ್ ಸಿಕ್ಕಿಹಾಕಿಕೊಂಡರೆ ಕಟಿಂಗ್ ಪ್ಲೇಯರ್ ಹಾಕಿ ತಿರುಚಬೇಡಿ, ಕೊಳವೆಯೇ ತಿರುಚಿಹೋಗುತ್ತದೆ. ಅದನ್ನು ಬಿಡಿಸುವ ಪುಲ್ಲರ್ ಇರುತ್ತದೆ, ಸ್ಕೂಲಿನಲ್ಲಿ ಅಥವಾ ರಿಪೇರಿಯವರ ಹತ್ತಿರ ಕೇಳಿ.

ಒಂದೇ ಬ್ಯೂಗಲ್ ನಾಲ್ಕು ಮಕ್ಕಳು ಊದ್ತಾರೆ. ಕಾಯಿಲೆ ಹರಡಲ್ವಾ?

ಹರಡಬಹುದು. ಅದಕ್ಕೇ ಸ್ವಂತ ಮೌತ್‌ಪೀಸ್ ಇರಲಿ ಅಂದದ್ದು. ಆಗದಿದ್ದರೆ ಪ್ರತಿ ಮಗುವಿನ ನಂತರ ಸೋಪು ನೀರಿನಲ್ಲಿ ತೊಳೆದು ಒರೆಸಲಿ. ನೆಗಡಿ, ಕೆಮ್ಮು, ಬಾಯಿ ಹುಣ್ಣು ಇದ್ದ ದಿನ ಊದುವುದು ಬೇಡ, ಬಾಯಲ್ಲಿ ಲೆಕ್ಕ ಹೇಳುವ ಪಾಠ ಮಾತ್ರ ಮಾಡಲಿ.

## ಹಲ್ಲು, ಕಿವಿ, ಉಸಿರು

ಹಲ್ಲಿಗೆ ಕ್ಲಿಪ್ ಹಾಕ್ಸಿದೀವಿ. ಟ್ರಂಪೆಟ್ ಬಿಡಿಸ್ಬೇಕಾ?

ಬೇಕಿಲ್ಲ. ಆದರೆ ಮೊದಲ ಕೆಲವು ವಾರ ತುಟಿಯ ಒಳಭಾಗ ತಂತಿಗೆ ಒತ್ತಿ ಗಾಯ ಆಗುತ್ತದೆ, ಎತ್ತರದ ಸ್ವರಗಳು ಬರುವುದಿಲ್ಲ, ಮಗು ಕಂಗಾಲಾಗುತ್ತದೆ. ದಂತವೈದ್ಯರು ಕೊಡುವ ಮೇಣವನ್ನು ತಂತಿಯ ಮೇಲೆ ಹಚ್ಚಿ ಊದಲಿ. ಮಗು ಊದುವ ವಾದ್ಯ ನುಡಿಸುತ್ತದೆ ಅಂತ ಕ್ಲಿಪ್ ಹಾಕಿಸುವ ಮೊದಲೇ ವೈದ್ಯರಿಗೆ ಹೇಳಿ. ದೊಡ್ಡ ಪರೇಡಿಗೆ ಹದಿನೈದು ದಿನ ಇರುವಾಗ ಕ್ಲಿಪ್ ಹಾಕಿಸಬೇಡಿ. ತೆಗೆದಾಗಲೂ ಇನ್ನೊಂದು ಸಲ ಹೊಂದಿಕೊಳ್ಳಬೇಕಾಗುತ್ತದೆ.

ದಿನಾ ಡ್ರಮ್ ಪಕ್ಕ ನಿಂತ್ರೆ ಕಿವಿ ಹಾಳಾಗಲ್ವಾ?

ಈ ಪ್ರಶ್ನೆ ಕೇಳುವವರು ಕಡಿಮೆ, ಎಲ್ಲರೂ ಕೇಳಬೇಕು. ದೊಡ್ಡವರ ಕೆಲಸದ ಜಾಗಕ್ಕೆ ತಜ್ಞರು ಹಾಕಿರುವ ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ, ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧ. ಹಾಗೆ ಹೋದರೆ 100 ಡೆಸಿಬೆಲ್‌ಗೆ 15 ನಿಮಿಷವಷ್ಟೇ. ಮುಚ್ಚಿದ ಹಾಲ್‌ನಲ್ಲಿ ಹತ್ತು ಸೈಡ್ ಡ್ರಮ್ ಒಟ್ಟಿಗೆ ಬಾರಿಸಿದರೆ ಆ ಮಟ್ಟ ಸುಲಭವಾಗಿ ಮುಟ್ಟುತ್ತದೆ. ಮಕ್ಕಳ ಕಿವಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಕಾರಣ ಸರಳ: ಒಳಗಿವಿಯಲ್ಲಿರುವ ಸಣ್ಣ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಫೋಮ್ ಇಯರ್ ಪ್ಲಗ್ ಸಾಕು. ಸಂಗೀತಗಾರರಿಗೆಂದೇ ಮಾಡಿದ ಪ್ಲಗ್‌ನಲ್ಲಿ ಸ್ವರ ಸ್ಪಷ್ಟವಾಗಿ ಕೇಳುತ್ತದೆ. ಅಭ್ಯಾಸ ಆದಷ್ಟೂ ಬಯಲಿನಲ್ಲಿ ಮಾಡಿಸಿ ಅಂತ ಮಾಸ್ಟರ್‌ಗೆ ಎಲ್ಲ ಪೋಷಕರೂ ಸೇರಿ ಕೇಳಿಕೊಳ್ಳಿ. ಮನೆಗೆ ಬಂದ ಮಗು "ಕಿವಿ ಗುಂಯ್ ಅಂತಿದೆ" ಅಂದರೆ ಅದು ಎಚ್ಚರಿಕೆ. ಮರುದಿನವೂ ಹಾಗೇ ಇದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ.

ವೀಸಿಂಗ್ ಇದೆ. ಊದೋ ವಾದ್ಯ ಕೊಡಿಸಬಹುದಾ?

ನಿಮ್ಮ ಡಾಕ್ಟರನ್ನು ಕೇಳಿ, ಅವರು ಹೂಂ ಅಂದರೆ ಕೊಡಿಸಿ. ಇನ್‌ಹೇಲರ್ ಬ್ಯಾಗಿನ ತಳದಲ್ಲಲ್ಲ, ಯೂನಿಫಾರಂ ಜೇಬಿನಲ್ಲಿರಲಿ. ಮಾಸ್ಟರ್‌ಗೂ ಪಕ್ಕದಲ್ಲಿ ನಿಲ್ಲುವ ಮಗುವಿಗೂ ಗೊತ್ತಿರಲಿ. ಧೂಳು ಮೈದಾನದ ದಿನ ಹೆಚ್ಚು ಗಮನ ಕೊಡಿ.

## ಪರೇಡ್ ದಿನ

ಮಾಣೆಕ್ ಷಾ ಮೈದಾನದ ಪರೇಡಿಗೆ ಸೆಲೆಕ್ಟ್ ಆಗಿದಾನೆ. ನಾವು ಏನೇನು ತಯಾರಿ ಮಾಡ್ಕೋಬೇಕು?

ಆಗಸ್ಟ್ 15, ಜನವರಿ 26ರ ಪರೇಡಿಗೆ ಮೊದಲು ದಿನಗಟ್ಟಲೆ ರಿಹರ್ಸಲ್ ಇರುತ್ತದೆ. ಕತ್ತಲಿರುವಾಗಲೇ ಮನೆ ಬಿಡಬೇಕು. ಕ್ಯಾಬ್ ನಂಬಬೇಡಿ, ಅವತ್ತು ಕಬ್ಬನ್ ರೋಡ್ ಸುತ್ತ ಟ್ರಾಫಿಕ್ ಬದಲಾಗಿರುತ್ತದೆ. ಸ್ಕೂಲ್ ಬಸ್ಸಿನಲ್ಲೇ ಕಳಿಸಿ, ನೀವು ಮೆಟ್ರೋದಲ್ಲಿ ಎಂ.ಜಿ. ರೋಡ್ ಅಥವಾ ಕಬ್ಬನ್ ಪಾರ್ಕ್ ಸ್ಟೇಷನ್‌ಗೆ ಬನ್ನಿ. ಪಾಸ್ ಬೇಕಾ, ಯಾವ ಗೇಟು, ಬ್ಯಾಗ್ ಬಿಡುತ್ತಾರಾ, ಇದನ್ನೆಲ್ಲ ಹಿಂದಿನ ವಾರವೇ ಸ್ಕೂಲಿನಲ್ಲಿ ಕೇಳಿ ಬರೆದುಕೊಳ್ಳಿ.

ಹೊಸ ಶೂ ಅವತ್ತೇ ಹಾಕಿಸಬೇಡಿ. ಎರಡು ವಾರ ಮೊದಲಿನಿಂದ ಮನೆಯಲ್ಲಿ ಹಾಕಿ ಓಡಾಡಲಿ. ಬಿಳಿ ಕೈಗವಸು ಎರಡು ಜೊತೆ, ಟೋಪಿಯ ಪಟ್ಟಿಗೆ ಒಂದು ಸೇಫ್ಟಿ ಪಿನ್, ಬ್ಯಾಂಡೇಜ್, ಡ್ರಮ್ ಮಕ್ಕಳಿಗೆ ಇನ್ನೊಂದು ಜೊತೆ ಕೋಲು. ಜನವರಿಯಲ್ಲಿ ಬೆಳಗಿನ ಚಳಿಗೆ ಟ್ರಂಪೆಟ್ ಶ್ರುತಿ ಇಳಿದಿರುತ್ತದೆ. ಊದದೇ ಇರುವಾಗಲೂ ಮೌತ್‌ಪೀಸನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗಿಟ್ಟುಕೊಳ್ಳಲಿ, ಮೆಲ್ಲಗೆ ಬಿಸಿ ಉಸಿರು ಬಿಡುತ್ತಿರಲಿ. ಆಗಸ್ಟಿನಲ್ಲಿ ಮಳೆ. ಡ್ರಮ್ ಮುಚ್ಚಲು ಒಂದು ಪ್ಲಾಸ್ಟಿಕ್ ಹಾಳೆ ಕೊಟ್ಟು ಕಳಿಸಿ.

ರಾಷ್ಟ್ರಗೀತೆ ಪೂರ್ತಿ ನುಡಿಸಲು ಸುಮಾರು 52 ಸೆಕೆಂಡ್. ಮನೆಯಲ್ಲಿ ಗಡಿಯಾರ ಇಟ್ಟು ಒಂದೆರಡು ಸಲ ನುಡಿಸಿ ನೋಡಲಿ. ಗಾಬರಿಯಲ್ಲಿ ಬೇಗ ಬೇಗ ಮುಗಿಸುವ ಮಕ್ಕಳೇ ಜಾಸ್ತಿ.

ಹೋದ್ಸಲ ಒಂದು ಮಗು ನಿಂತಲ್ಲೇ ಬಿದ್ದುಬಿಡ್ತು. ನಮ್ಮವನಿಗೂ ಹಾಗಾದ್ರೆ?

ಬಹಳ ಹೊತ್ತು ಮಂಡಿ ಬಿಗಿಹಿಡಿದು ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆಗೆ ಕಡಿಮೆ ಹೋಗುತ್ತದೆ, ಕಣ್ಣು ಕತ್ತಲಾಗುತ್ತದೆ. ಮಂಡಿ ಸ್ವಲ್ಪ ಸಡಿಲ ಇರಲಿ, ಶೂ ಒಳಗೆ ಬೆರಳುಗಳನ್ನು ಮಡಚಿ ಬಿಚ್ಚುತ್ತಿರಲಿ, ಯಾರಿಗೂ ಕಾಣುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ. ಹೊರಡುವ ಮೊದಲು ಎರಡು ಇಡ್ಲಿ, ಒಂದು ಬಾಳೆಹಣ್ಣು, ನೀರು. ಹೊಟ್ಟೆ ಬಿರಿಯುವಷ್ಟು ತಿಂದರೆ ಊದಲು ಆಗುವುದಿಲ್ಲ. ಸಿಹಿ ತಿಂದಿದ್ದರೆ ಬಾಯಿ ಮುಕ್ಕಳಿಸಿ ಊದಲಿ, ಇಲ್ಲದಿದ್ದರೆ ಸಕ್ಕರೆ ಕೊಳವೆಯೊಳಗೆ ಅಂಟುತ್ತದೆ. ತಲೆ ತಿರುಗಿದರೆ ಕೂತುಬಿಡು, ಯಾರೂ ಬೈಯುವುದಿಲ್ಲ ಅಂತ ಹಿಂದಿನ ರಾತ್ರಿಯೇ ಹೇಳಿ. ಇದನ್ನು ಹೇಳದೇ ಹೋದರೆ ಮಕ್ಕಳು ಮರ್ಯಾದೆಗೆ ಅಂಜಿ ನಿಂತೇ ಇರುತ್ತಾರೆ.

## ವರ್ಷಗಳು ಕಳೆದ ಮೇಲೆ

ಮನೇಲಿ ಕರ್ನಾಟಕ ಸಂಗೀತ, ಸ್ಕೂಲಲ್ಲಿ ಬ್ಯಾಂಡ್. ಎರಡೂ ಒಟ್ಟಿಗೆ ಆದ್ರೆ ಗೊಂದಲ ಆಗಲ್ವಾ?

ಒಂದಕ್ಕೊಂದು ಬಲ ಕೊಡುತ್ತವೆ. ಕದ್ರಿ ಗೋಪಾಲನಾಥ್ (1949–2019) ಅವರ ತಂದೆ ನಾಗಸ್ವರ ವಿದ್ವಾಂಸರು. ಗೋಪಾಲನಾಥ್ ಅವರಿಗೆ ಸ್ಯಾಕ್ಸೊಫೋನಿನ ಹುಚ್ಚು ಹತ್ತಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿದ ಮೇಲೆ. ಆ ವಾದ್ಯದಲ್ಲೇ ಕರ್ನಾಟಕ ಸಂಗೀತ ನುಡಿಸಿದರು. ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲೂ ಕರ್ನಾಟಕ ಸಂಗೀತ ನುಡಿಸುವ ತಂಡ, ಇಂಗ್ಲಿಷ್ ಸಂಗೀತ ನುಡಿಸುವ ತಂಡ ಎರಡೂ ಇವೆ. ದಸರಾಕ್ಕೆ ಹೋದಾಗ ಮಗುವಿಗೆ ಕೇಳಿಸಿ.

ಒಂದು ಗೊಂದಲ ಮಾತ್ರ ನಿಜವಾಗಿ ಬರುತ್ತದೆ. ಟ್ರಂಪೆಟ್‌ನಲ್ಲಿ ಮಗು 'ಸಿ' ಅಂತ ಓದಿ ಊದಿದರೆ ಬರುವ ಸ್ವರ ಕೀಬೋರ್ಡಿನ 'ಬಿ ಫ್ಲ್ಯಾಟ್'. ಮನೆಯ ಕೀಬೋರ್ಡ್ ಜೊತೆ ನುಡಿಸಿದಾಗ ಶ್ರುತಿ ಸೇರದೆ, ತನ್ನದೇ ತಪ್ಪು ಅಂತ ಮಗು ಅಂದುಕೊಳ್ಳುತ್ತದೆ. ಕೀಬೋರ್ಡಿನಲ್ಲಿ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸನ್ನು ಮೈನಸ್ 2ಕ್ಕೆ ಇಡಿ, ಎರಡೂ ಸೇರುತ್ತವೆ. ನಮಗೆ ಇದು ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು. ಅಷ್ಟು ದಿನ ಅವಳು ಸುಮ್ನೆ ಬೇಜಾರು ಪಟ್ಟುಕೊಂಡಳಲ್ಲ ಅಂತ ಈಗಲೂ ಅನ್ನಿಸುತ್ತದೆ.

ಬ್ಯಾಂಡ್ ಬಿಡ್ತೀನಿ ಅಂತಿದಾನೆ. ಬಲವಂತ ಮಾಡ್ಲಾ?

ಮೊದಲು ಯಾವುದನ್ನು ಬಿಡಬೇಕು ಅಂತಿದ್ದಾನೆ ತಿಳಿದುಕೊಳ್ಳಿ. ಸಂಗೀತವನ್ನಾ, ಆ ವಾದ್ಯವನ್ನಾ, ಬಿಸಿಲಿನಲ್ಲಿ ನಿಲ್ಲುವುದನ್ನಾ, ರೇಗಿಸುವ ಯಾವನೋ ಸೀನಿಯರನ್ನಾ? ಬೇರೆ ಬೇರೆ ಕಾಯಿಲೆಗೆ ಬೇರೆ ಬೇರೆ ಮದ್ದು. ಮುಂದಿನ ಕಾರ್ಯಕ್ರಮ ಮುಗಿಯುವವರೆಗೆ ಇರು, ಉಳಿದವರು ನಿನ್ನನ್ನು ನಂಬಿದ್ದಾರೆ, ಆಮೇಲೆ ನಿನ್ನಿಷ್ಟ ಅಂತ ಹೇಳಿ. ಆಮೇಲೆ ನಿಜವಾಗಿಯೂ ಅವನಿಷ್ಟಕ್ಕೆ ಬಿಡಿ.

ಹತ್ತನೇ ಕ್ಲಾಸು ಬಂತು. ಎಸ್‌ಎಸ್‌ಎಲ್‌ಸಿ ಮುಗಿಯೋವರೆಗೂ ನಿಲ್ಲಿಸಿಬಿಡೋಣ್ವಾ?

ಪೂರ್ತಿ ನಿಲ್ಲಿಸಬೇಡಿ ಅಂತ ನನ್ನ ಅಭಿಪ್ರಾಯ. ಊದುವ ತುಟಿ ಕೆಲವೇ ವಾರಕ್ಕೆ ಮೆತ್ತಗಾಗುತ್ತದೆ. ಜನವರಿ 26 ಮುಗಿದ ಮೇಲೆ ಪರೇಡ್, ರಿಹರ್ಸಲ್ ಬಿಡಿಸಿ, ಮನೆಯಲ್ಲಿ ಸಂಜೆಯ ಹದಿನೈದು ನಿಮಿಷ ಮಾತ್ರ ಉಳಿಸಿ. ನನ್ನ ಮಗಳಿಗೆ ಗಣಿತ ಬಿಡಿಸಿ ಬಿಡಿಸಿ ತಲೆ ಕೆಟ್ಟಾಗ ಅದೇ ಉಸಿರು ಬಿಡುವ ಹೊತ್ತಾಗಿತ್ತು. ಹೊಸ ಹಾಡು ಬೇಡ, ಗೊತ್ತಿರುವುದನ್ನೇ ನುಡಿಸಲಿ.

ಮುಂದೆ ಏನಿದೆ ಇದರಲ್ಲಿ? ಸ್ಪರ್ಧೆ, ಪರೀಕ್ಷೆ, ಕೆಲಸ?

ಗಣರಾಜ್ಯೋತ್ಸವದ ಸಮಯಕ್ಕೆ ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ರಕ್ಷಣಾ ಸಚಿವಾಲಯ ಸೇರಿ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆ ನಡೆಸುತ್ತವೆ. ಹಿತ್ತಾಳೆ ವಾದ್ಯಗಳ ಬ್ರಾಸ್ ಬ್ಯಾಂಡ್, ಬ್ಯಾಗ್‌ಪೈಪ್ ನುಡಿಸುವ ಪೈಪ್ ಬ್ಯಾಂಡ್ ಅಂತ ಎರಡು ಬಗೆ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ. ರಾಜ್ಯದಿಂದ ವಲಯ, ಅಲ್ಲಿಂದ ದೆಹಲಿ. ನಿಮ್ಮ ಸ್ಕೂಲಿನವರಿಗೆ ಈ ಸ್ಪರ್ಧೆಯ ವಿಷಯ ಕೇಳಿ ನೋಡಿ. ಒಬ್ಬೊಬ್ಬರೇ ಕಲಿತು ಮುಂದೆ ಹೋಗಬೇಕು ಅಂದರೆ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗಳಿವೆ, ಇನಿಷಿಯಲ್‌ನಿಂದ ಎಂಟನೇ ಗ್ರೇಡ್‌ವರೆಗೆ, ಬೆಂಗಳೂರಿನಲ್ಲೇ ಬರೆಯಬಹುದು. ವರ್ಷಕ್ಕೊಂದು ಗ್ರೇಡ್ ಮುಗಿಸಲೇಬೇಕು ಅಂತ ಓಡಿಸಬೇಡಿ.

ಕೆಲಸ ಅಂದರೆ ಸೇನೆ, ವಾಯುಪಡೆ, ನೌಕಾಪಡೆ, ಪೊಲೀಸ್ ಎಲ್ಲದರಲ್ಲೂ ಬ್ಯಾಂಡ್ ಇದೆ, ಬೇಕಾದ ವಿದ್ಯಾರ್ಹತೆಗಳನ್ನು ಅವರ ನೇಮಕಾತಿ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ನಮ್ಮ ಹಲಸೂರಿನ ಎಂಇಜಿ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರಿಗೂ ತನ್ನದೇ ಬ್ಯಾಂಡ್ ಇದೆ. ಕಬ್ಬನ್ ಪಾರ್ಕಿನಲ್ಲಿ ಬ್ರಿಟಿಷರ ಕಾಲದಲ್ಲಿ ಮಿಲಿಟರಿ ಬ್ಯಾಂಡ್‌ಗಳು ನುಡಿಸುತ್ತಿದ್ದ ಬ್ಯಾಂಡ್‌ಸ್ಟ್ಯಾಂಡ್ ಈಗಲೂ ನಿಂತಿದೆ. ಒಂದು ಭಾನುವಾರ ಮಗುವನ್ನು ಕರೆದುಕೊಂಡು ಹೋಗಿ ತೋರಿಸಿ. ನನ್ನ ಮಗಳು ಅದರ ಮೆಟ್ಟಿಲ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತಿದ್ದಳು.

ಸ್ಕೂಲ್ ಮುಗೀತು, ಬ್ಯಾಂಡೂ ಇಲ್ಲ. ವಾದ್ಯ ಮಾರಿಬಿಡೋಣ್ವಾ?

ಒಂದು ವರ್ಷ ಇಟ್ಟುಕೊಳ್ಳಿ. ಪಿಯುಸಿ ಗಲಾಟೆ ಕಳೆದು ಕಾಲೇಜು ಸೇರಿದ ಮೇಲೆ ಮತ್ತೆ ಕೈಗೆತ್ತಿಕೊಳ್ಳುವ ಮಕ್ಕಳಿದ್ದಾರೆ. ಇಡುವ ಮೊದಲು ತೊಳೆದು ಪೂರ್ತಿ ಒಣಗಿಸಿ, ಸ್ಲೈಡ್‌ಗಳಿಗೆ ಗ್ರೀಸ್ ಹಚ್ಚಿ, ಮೌತ್‌ಪೀಸ್ ಬಿಚ್ಚಿ ಬೇರೆ ಇಡಿ. ಡ್ರಮ್ ಆದರೆ ಬಿಸಿಲು ಬೀಳುವ ಕಿಟಕಿಯ ಹತ್ತಿರ ಬೇಡ, ಅದರ ಮೇಲೆ ಬೇರೆ ಸಾಮಾನು ಹೇರಬೇಡಿ. ಮಾರುವುದೇ ಆದರೆ ಮೊದಲು ಸ್ಕೂಲಿನಲ್ಲಿ ಕೇಳಿ, ವಾದ್ಯಕ್ಕಾಗಿ ಕಾಯುತ್ತಿರುವ ಆರನೇ ಕ್ಲಾಸಿನ ಮಗು ಒಂದಾದರೂ ಇರುತ್ತದೆ. ನಮ್ಮದು ಈಗ ಶೋಕೇಸಿನ ಮೇಲಿದೆ. ಮಗಳು ಹಾಸ್ಟೆಲಿನಲ್ಲಿದ್ದಾಳೆ, ತಿಂಗಳಿಗೊಮ್ಮೆ ನಾನೇ ಕೇಸ್ ತೆಗೆದು ಪಿಸ್ಟನ್‌ಗೆ ಎರಡು ಹನಿ ಎಣ್ಣೆ ಬಿಡುತ್ತೇನೆ, ಮೂರನ್ನೂ ಒತ್ತಿ ನೋಡಿ ಮುಚ್ಚಿಡುತ್ತೇನೆ.